ಹುಲಿಗೆಮ್ಮನ ಬೆರಳಿನ ಗೆರೆಗಳು

ಕೊರೊನಾದ ಗಲಾಟೆ ತಣ್ಣಗಾದ ಮರುವರ್ಷದ ಮಾತು. ನಾನಾಗ ಕೊಪ್ಪಳದ ಸರಕಾರಿ ಆಸ್ಪತ್ರೆಯೊಂದರಲ್ಲಿ ಚರ್ಮರೋಗ ತಜ್ಞೆ. ನಿವೃತ್ತಿ ಹತ್ತಿರ ಬಂದಿತ್ತು. ಕುಷ್ಟಗಿ, ಗಂಗಾವತಿ, ಯಲಬುರ್ಗಾ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವ ಜನರಿಂದ ನನ್ನ ಕೋಣೆಯ ಮುಂದಿನ ಬೆಂಚು ತುಂಬುತ್ತಿತ್ತು. ಹೆಚ್ಚಿನವರದು ಗಜಕರ್ಣ, ತುರಿಕಜ್ಜಿ, ಅಂಗಡಿಯಲ್ಲಿ ಕೇಳಿ ತಂದ ಮುಲಾಮು ಹಚ್ಚಿ ಕೆಡಿಸಿಕೊಂಡ ಮುಖ. ಎಲುಬಿನ ಡಾಕ್ಟರು, ಹೃದಯದ ಡಾಕ್ಟರು ನನ್ನನ್ನು ‘ಗಜಕರ್ಣದ ಮೇಡಂ’ ಎಂದು ಕಾಡಿಸುತ್ತಿದ್ದರು. ಅವರ ಮನೆಯವರ ಮೈ ತುರಿಸಿದಾಗ ಮಾತ್ರ ನನ್ನ ಬಾಗಿಲಿಗೇ ಬರುತ್ತಿದ್ದರು, ಆ ಮಾತು ಬೇರೆ.

ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವು. ಇಬ್ಬರು ಹೆಣ್ಣುಮಕ್ಕಳು ಒಟ್ಟಿಗೆ ಒಳಗೆ ಬಂದರು. ಒಬ್ಬಾಕೆ ಯಲಬುರ್ಗಾದ ವಿದ್ಯಾರ್ಥಿನಿಯರ ವಸತಿನಿಲಯವೊಂದರ ವಾರ್ಡನ್. ಇನ್ನೊಬ್ಬಾಕೆ ಅದೇ ನಿಲಯದಲ್ಲಿ ಅಡುಗೆ ಸಹಾಯಕಿ, ಬೇವೂರಿನ ಹುಲಿಗೆಮ್ಮ. ಮೂವತ್ತೈದರ ಆಸುಪಾಸು. ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದಳು.

“ಏನಾಗೈತವ್ವ, ತುರಿಕಿ ಏನು?” ಎಂದೆ.

“ತುರಿಕಿ ಅಲ್ರಿ ಮೇಡಂ. ಉರಿ ಅಂತೂ ಇದ್ದದ್ದ, ಅದಕ್ಕ ಬಂದಿಲ್ರಿ. ಮಷಿನ್ ನನ್ನ ಗುರುತ ಹಿಡೀವಲ್ದ್ರಿ,” ಎಂದಳು.

“ನಾ ಮಷಿನ್ ಡಾಕ್ಟರ್ ಅಲ್ಲಲ್ಲ ತಂಗಿ,” ಎಂದು ನಕ್ಕೆ. ಅವಳು ನಗಲಿಲ್ಲ. ಸೆರಗು ಸರಿಸಿ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಾಚಿದಳು. ನನ್ನ ನಗು ಅಲ್ಲೇ ನಿಂತಿತು.

ಅಂಗೈ ಕೆಂಪಗೆ ಬಿರಿದಿತ್ತು. ಬೆರಳ ಸಂದಿಗಳಲ್ಲಿ ಸೀಳು. ಹತ್ತೂ ಬೆರಳುಗಳ ತುದಿ, ಎಷ್ಟೋ ಕಾಲ ಜನ ತುಳಿದ ಹೊಸ್ತಿಲ ಕಲ್ಲಿನ ಹಾಗೆ ನುಣುಪಾಗಿ ಹೊಳೆಯುತ್ತಿತ್ತು. ಡರ್ಮಟೋಸ್ಕೋಪ್ ಇಟ್ಟು ನೋಡಿದೆ. ಅದು ಚರ್ಮವನ್ನು ದೊಡ್ಡದು ಮಾಡಿ ತೋರಿಸುವ, ಬೆಳಕಿರುವ ಮಸೂರ. ಹುಟ್ಟಿನಿಂದ ಎಲ್ಲರ ಬೆರಳಲ್ಲೂ ಇರುವ ಸುತ್ತುಗೆರೆಗಳು ಅಲ್ಲಿ ಇರಲಿಲ್ಲ.

ವಾರ್ಡನ್ ವಿಷಯ ಬಿಡಿಸಿ ಹೇಳಿದರು. ನಿಲಯದಲ್ಲಿ ನೂರರ ಹತ್ತಿರ ಹುಡುಗಿಯರು. ಅಡುಗೆಯವರು ಹೊರಗುತ್ತಿಗೆಯವರು. ಹಾಜರಿ ಆಧಾರ್‌ಗೆ ಜೋಡಿಸಿದ ಬೆರಳಚ್ಚಿನ ಯಂತ್ರದಲ್ಲಿ. ನಾಲ್ಕು ತಿಂಗಳಿನಿಂದ ಹುಲಿಗೆಮ್ಮನ ಯಾವ ಬೆರಳನ್ನೂ ಯಂತ್ರ ಒಪ್ಪುತ್ತಿಲ್ಲ. ನಸುಕಿಗೇ ಬಂದು ರೊಟ್ಟಿ ಬಡಿದರೂ ಕಂಪ್ಯೂಟರಿನ ಲೆಕ್ಕಕ್ಕೆ ಅವಳು ಗೈರು. ವಾರ್ಡನ್ ಪ್ರತಿ ತಿಂಗಳೂ ‘ಈಕೆ ಕೆಲಸಕ್ಕೆ ಬಂದಿದ್ದಾಳೆ’ ಎಂದು ತಮ್ಮ ಜವಾಬ್ದಾರಿಯ ಮೇಲೆ ಬರೆದು ಕಳಿಸುತ್ತ ಬಂದಿದ್ದರು. ಈಗ ಗುತ್ತಿಗೆಯವರು, ಉಗಾದಿಯೊಳಗೆ ಬೆರಳು ಹತ್ತದಿದ್ದರೆ ಬೇರೆಯವರನ್ನು ನೇಮಿಸಿಕೊಳ್ಳುವುದಾಗಿ ಹೇಳಿಬಿಟ್ಟಿದ್ದರು. ಆಧಾರ್ ಕೇಂದ್ರಕ್ಕೆ ಹೋಗಿ ಹೊಸದಾಗಿ ಬೆರಳಚ್ಚು ಕೊಡೋಣವೆಂದರೆ ಅಲ್ಲಿನ ಯಂತ್ರವೂ ಅವಳನ್ನು ಒಪ್ಪಲಿಲ್ಲ. ಕೊನೆಗೆ ಅಲ್ಲಿದ್ದವರೇ ಚರ್ಮದ ಡಾಕ್ಟರಿಗೆ ತೋರಿಸಿ ಎಂದಿದ್ದರು.

“ಮನಿ ನಡಿಯೋದ ಇದ್ರ ಮ್ಯಾಲೆ ಐತ್ರಿ. ಮನಿಯವ್ರಿಗೆ ಭತ್ತ ಕೊಯ್ಯೋ ಮಷಿನ್ ಹಿಂದ ವರ್ಷದಾಗ ಎರಡ ಸಲ ಅಷ್ಟ ಕೆಲಸ,” ಎಂದಳು ಹುಲಿಗೆಮ್ಮ. “ಇಷ್ಟ ವರ್ಷ ದುಡದೀನ್ರಿ. ಈಗ ನಾನ ನಾನಲ್ಲ ಅಂತೈತಿ ಅದು.”

ನಾನು ಕೈಯಿಂದ ಏನೇನು ಕೆಲಸ ಮಾಡುತ್ತೀ ಎಂದು ಕೇಳಿದೆ. ಯಲಬುರ್ಗಾ ಕಡೆಯ ಬೋರಿನ ನೀರು ಗಡುಸು, ಸವಳು. ಸೋಪು ನೊರೆ ಕೊಡುವುದಿಲ್ಲ. ಹಾಗಾಗಿ ಭಾಂಡೆ ತಿಕ್ಕುವ ಪೌಡರನ್ನು ಬೊಗಸೆಗಟ್ಟಲೆ ಸುರಿಯುವುದು ಅವಳ ರೂಢಿ. ಪಾತ್ರೆ, ನಲ್ಲಿ, ಬಚ್ಚಲ ನೆಲದ ಮೇಲೆಲ್ಲ ಬಿಳಿಯ ಪದರು ಕಟ್ಟುತ್ತದೆ. ಅದನ್ನು ತೆಗೆಯಲು ಬಾಟಲಿಯಲ್ಲಿ ಮಾರಾಟಕ್ಕೆ ಬರುವ ಆ್ಯಸಿಡ್. ವಾಸನೆಗೆ ಫಿನಾಯಿಲ್. ಎಲ್ಲವೂ ಬರಿಗೈಯಲ್ಲಿ. ಇದಕ್ಕೆ ನಮ್ಮ ಪುಸ್ತಕದಲ್ಲಿ ಇರಿಟೆಂಟ್ ಕಾಂಟ್ಯಾಕ್ಟ್ ಡರ್ಮಟೈಟಿಸ್ ಎನ್ನುತ್ತಾರೆ. ಕೆಣಕುವ ವಸ್ತು ಮೇಲಿಂದ ಮೇಲೆ ತಾಗಿ ಚರ್ಮ ಸುಟ್ಟಂತಾಗುವುದು ಎಂದು ಅದರ ಅರ್ಥ.

ಸಮಾಧಾನದ ಸಂಗತಿಯೂ ಇತ್ತು. ಬೆರಳಚ್ಚಿನ ಬೇರು ಚರ್ಮದ ಒಳಪದರಿನಲ್ಲಿ ಇರುತ್ತದೆ. ಮೇಲಿನದು ಸವೆದರೂ ಒಳಗಿನ ನಕ್ಷೆ ಅಳಿಯುವುದಿಲ್ಲ. ಕೈಗೆ ಬಿಡುವು ಸಿಕ್ಕರೆ ತಿಂಗಳೊಂದರಲ್ಲಿ ಹೊಸ ಚರ್ಮ ಮೇಲೆ ಬಂದು, ಅದೇ ಗೆರೆಗಳು ಮತ್ತೆ ಕಾಣುತ್ತವೆ. ಇದನ್ನು ಹೇಳಿದಾಗ ಹುಲಿಗೆಮ್ಮ ತನ್ನ ಬೆರಳುಗಳನ್ನೇ ಹೊಸದಾಗಿ ನೋಡಿಕೊಂಡಳು.

ಮುಲಾಮು ಬರೆದೆ, ಕೈಗವಸು ಹಾಕಿಕೋ ಎಂದೆ. ವಾರದಲ್ಲಿ ಗೊತ್ತಾಯಿತು, ಕೈಗವಸು ಉಪಯೋಗಕ್ಕೆ ಬರುತ್ತಿರಲಿಲ್ಲ. ಎಣ್ಣೆಯ ಕಡಾಯಿ ಜಾರುತ್ತಿತ್ತು, ಒಳಗೆ ಬಿಸಿನೀರು ಹೋಗಿ ಕೈ ಬೇಯುತ್ತಿತ್ತು. ಹಾಗಾದರೆ ಕೈ ಬದಲಿಸಲಾಗದು, ಕೈಗೆ ತಾಗುವುದನ್ನೇ ಬದಲಿಸೋಣ ಎಂದು ನಾನೂ ವಾರ್ಡನ್ನರೂ ಮಾತಾಡಿಕೊಂಡೆವು. ವಾರ್ಡನ್ನರ ಉತ್ಸಾಹವನ್ನು ನೆನೆದರೆ ಇವತ್ತಿಗೂ ಮನಸ್ಸು ತುಂಬಿ ಬರುತ್ತದೆ. ಸರಕಾರಿ ಸಾಮಾನಿನ ಪಟ್ಟಿಯಲ್ಲಿ ಇಲ್ಲದ ಅಂಟುವಾಳದ ಕಾಯಿಯನ್ನು ತಮ್ಮ ಖರ್ಚಿನಲ್ಲೇ ತರಿಸಿದರು.

ಅಂಟುವಾಳವನ್ನು ಬೀಜ ತೆಗೆದು, ಸಂಜೆ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಹಿಸುಕಿ ಸೋಸಿದರೆ ಕಂದು ಬಣ್ಣದ ರಸ ಬರುತ್ತದೆ. ಸವಳು ನೀರಿನಲ್ಲೂ ಅದು ನೊರೆ ಕೊಡುತ್ತದೆ, ಸೋಪಿನಂತೆ ಮುಷ್ಕರ ಹೂಡುವುದಿಲ್ಲ. ಎರಡು ಮೂರು ದಿನಕ್ಕೆ ಹುಳಿಯುವುದರಿಂದ ಆಗಾಗ ಹೊಸದು ಮಾಡಿಕೊಳ್ಳಬೇಕು, ಕಣ್ಣಿಗೆ ಹಾರದಂತೆ ನೋಡಿಕೊಳ್ಳಬೇಕು, ಅಷ್ಟೇ. ಜಿಡ್ಡಿನ ಕಡಾಯಿಗೆ ಮೊದಲು ಕಡಲೆಹಿಟ್ಟು ಉದುರಿಸಿ ಒರೆಸಿ ತೆಗೆಯುವುದು. ನಲ್ಲಿ, ನೆಲದ ಬಿಳಿ ಪದರಿಗೆ ಹುಣಸೆಹಣ್ಣಿನ ನೀರು ಇಲ್ಲವೇ ಚಿತ್ರಾನ್ನಕ್ಕೆ ಹಿಂಡಿ ಉಳಿದ ನಿಂಬೆಸಿಪ್ಪೆ ಕುದಿಸಿದ ನೀರು. ಅದು ಹುಳಿಯಾದ್ದರಿಂದ ಬಿರಿದ ಕೈಗೆ ತಾಗಬಾರದು, ಕೋಲಿಗೆ ಬಟ್ಟೆ ಕಟ್ಟಿ ಸವರಿ, ನೆನೆಯಲು ಬಿಟ್ಟು ಉಜ್ಜಬೇಕು. ಒಂದು ಮಾತನ್ನು ನಾನು ಒತ್ತಿ ಹೇಳಿದೆ: ಹುಳಿ ನೀರು ಹಾಕಿದ ಕಡೆ ಬ್ಲೀಚಿಂಗ್ ಪೌಡರ್ ಬೀಳಕೂಡದು. ಮನೆಯ ನಿಂಬೆಹಣ್ಣೇ ಇರಲಿ, ಅಂಗಡಿಯ ಆ್ಯಸಿಡ್ಡೇ ಇರಲಿ, ಅದರ ಜೊತೆ ಸೇರಿದರೆ ಉಸಿರು ಕಟ್ಟಿಸುವ ಅನಿಲ ಏಳುತ್ತದೆ. ನಿಲಯದಲ್ಲಿ ವಾಂತಿಭೇದಿ ಏನಾದರೂ ಕಾಣಿಸಿಕೊಂಡರೆ ಬ್ಲೀಚಿಂಗ್ ಪೌಡರ್ ಬೇಕೇ ಬೇಕು, ಆದರೆ ಆ ಕೆಲಸ ಹುಲಿಗೆಮ್ಮನದಲ್ಲ ಎಂದೂ ಹೇಳಿದೆ.

ಮೂರು ವಾರ ಕಳೆದು ಹುಲಿಗೆಮ್ಮ ಬಂದಳು. ಉರಿ ಕಡಿಮೆಯಾಗಿತ್ತು, ಕೆಂಪು ಇಳಿದಿತ್ತು. ನಾನು ಹೆಮ್ಮೆಯಿಂದ ಮಸೂರ ಇಟ್ಟೆ. ಬೆರಳ ತುದಿಯಲ್ಲಿ ಗೆರೆಗಳಿಲ್ಲ. ಅದರ ಬದಲು ಸಣ್ಣಸಣ್ಣ ಹೊಸ ಗೀರುಗಳು ಅಡ್ಡಾದಿಡ್ಡಿ ಎದ್ದಿದ್ದವು. ಯಾರೋ ದಿನವೂ ಸಾಣೆ ಹಿಡಿದಂತಿತ್ತು.

ನನಗೆ ಸಿಟ್ಟು ಬೇಗ. “ಖರೇ ಹೇಳು, ಪೌಡರ್ ಬಿಟ್ಟಿಲ್ಲ ಹೌದಲ್ಲೊ? ಆ್ಯಸಿಡ್ ಮುಟ್ಟೀಯಿಲ್ಲೊ?”

“ನಮ್ಮವ್ವನಾಣಿ ಮುಟ್ಟಿಲ್ರಿ ಮೇಡಂ. ವಾರ್ಡನ್ನರನ್ನ ಕೇಳ್ರಿ ಬೇಕಾರ.”

ಕೇಳಿದೆ. ಪೌಡರಿನ ಡಬ್ಬಿಗಳನ್ನು ಕೋಣೆಯಲ್ಲಿಟ್ಟು ಕೀಲಿ ಹಾಕಿದ್ದೇನೆ ಎಂದರು ಅವರು. ಮತ್ತೆ ಈ ಗೀರು ಎಲ್ಲಿಂದ ಬಂದವು? ಉಗಾದಿ ಹತ್ತಿರ ಬರುತ್ತಿತ್ತು. ಹುಲಿಗೆಮ್ಮ ಬಾಗಿಲ ತನಕ ಹೋದವಳು ತಿರುಗಿ, “ಬರ್ತಾವಲ್ರಿ?” ಎಂದು ಕೇಳಿದಳು. ಬರುತ್ತವೆ ಎಂದೆನೇ ಹೊರತು ನನಗೇ ಧೈರ್ಯವಿರಲಿಲ್ಲ.

ಮರುವಾರ ಅವಳ ಅತ್ತೆ ದ್ಯಾಮವ್ವ ಜೊತೆಗೆ ಬಂದಳು. ಹಣೆ ತುಂಬ ವಿಭೂತಿ, ಕೈಯಲ್ಲಿ ಬಟ್ಟೆಯ ಗಂಟು. ಗೆರೆ ಇನ್ನೂ ಬಂದಿರಲಿಲ್ಲ. ಆದರೂ ಆ ಮುದುಕಿಗೆ ನನ್ನ ಮೇಲೆ ಪ್ರೀತಿ. “ನಮ್ಮ ಹುಡುಗಿ ಕೈಯಾನ ಉರಿ ತಗದೀಯವ್ವ, ನಿನ್ನ ಹೊಟ್ಟಿ ತಣ್ಣಗಿರಲಿ,” ಎಂದು ಗಂಟನ್ನು ಮೇಜಿನ ಮೇಲಿಟ್ಟಳು. “ಭಾಂಡೆ ತಿಕ್ಕಾಕ ಬೂದಿ ಐತಿ. ನಿಮ್ಮ ಪ್ಯಾಟಿಯಾಗ ಇದು ಎಲ್ಲಿ ಸಿಗಬೇಕು.”

ಹಣ್ಣು ತಂದವರಿದ್ದಾರೆ, ಶೇಂಗಾ ತಂದವರಿದ್ದಾರೆ. ಬೂದಿ ತಂದು ಕೊಟ್ಟವರು ನನ್ನ ಸರ್ವೀಸಿನಲ್ಲೇ ಅವಳೊಬ್ಬಳು. ತಲೆಯ ಮೇಲಿಟ್ಟುಕೊಳ್ಳುವಷ್ಟು ಗೌರವದಿಂದ ಮನೆಗೆ ತಂದೆ.

ನಮ್ಮ ಯಜಮಾನರಿಗೆ ತಮ್ಮ ಚಹಾದ ಸ್ಟೀಲ್ ಲೋಟವನ್ನು ತಾವೇ ತೊಳೆದು, ಬೆಳಕಿಗೆ ಹಿಡಿದು ನೋಡುವ ಚಟ. ಬೆಳಿಗ್ಗೆ ಆ ಬೂದಿಯಿಂದ ತಿಕ್ಕಿದವರು ಲೋಟವನ್ನು ನನ್ನ ಮೂಗಿನ ಮುಂದೆ ತಂದು ಹಿಡಿದರು.

“ನೋಡು, ನಿನ್ನ ಪೇಷಂಟ್ ಕೊಟ್ಟಿದ್ದು ಬೂದಿ ಅಲ್ಲ, ಉಸುಕು. ನನ್ನ ಲೋಟದ ಮಾರಿ ಎಲ್ಲಾ ಗೀಚಿಬಿಟ್ಟೈತಿ.”

ಲೋಟದ ಮೇಲಿನ ಗೀರುಗಳನ್ನು ನೋಡಿದೆ. ಸಣ್ಣಸಣ್ಣವು, ಅಡ್ಡಾದಿಡ್ಡಿ. ಎಲ್ಲಿಯೋ ನೋಡಿದ್ದೇನೆ ಅನ್ನಿಸಿ, ಎಲ್ಲಿ ಎಂದು ಹೊಳೆದಾಗ ಚಹಾ ಅಲ್ಲೇ ಬಿಟ್ಟು ಎದ್ದೆ. ಚಿಟಿಕೆ ಬೂದಿಯನ್ನು ಎರಡು ಬೆರಳ ನಡುವೆ ತೀಡಿದೆ. ಒಲೆಯ ಬೂದಿಯ ಮೆತ್ತನೆಯ ಸ್ಪರ್ಶ ಇರಲಿಲ್ಲ, ಚರಚರ ಎಂದಿತು. ಆಸ್ಪತ್ರೆಗೆ ಒಯ್ದು ಮಸೂರದ ಕೆಳಗಿಟ್ಟೆ. ಬೂದುಬಣ್ಣದ ನಡುವೆ ಚೂಪುಚೂಪಾದ ಕಣಗಳು ಮಿಣುಗುತ್ತಿದ್ದವು. ಭತ್ತದ ಹೊಟ್ಟಿನ ಬೂದಿ ಅದು. ಹೊಟ್ಟಿನಲ್ಲಿ ಸಿಲಿಕಾ ಇರುತ್ತದೆ, ಅಂದರೆ ಉಸುಕಿನ ಸತ್ವ. ಗಿರಣಿಯ ಬಾಯ್ಲರಿನ ಬೆಂಕಿಯಲ್ಲಿ ಸುಟ್ಟು ಬಂದ ಮೇಲೆ ಅದು ಉಜ್ಜುಕಾಗದಂತೆ ಒರಟಾಗುತ್ತದೆ.

ಜೋಳ, ಕಡಲೆ ಬೆಳೆಯುವ ಬೇವೂರಿನ ಒಣ ನೆಲದ ಅಡುಗೆಮನೆಗೆ ಭತ್ತದ ಹೊಟ್ಟಿನ ಬೂದಿ ಹೇಗೆ ಬಂತು? ವಾರ್ಡನ್ನರಿಗೆ ಫೋನ್ ಮಾಡಿ, ಅತ್ತೆ ಸೊಸೆ ಇಬ್ಬರನ್ನೂ ಕರೆಸಿದೆ.

“ಈ ಬೂದಿ ಎಲ್ಲೀದವ್ವ?” ಎಂದು ಕೇಳಿದೆ.

“ಮರಳಿ ಊರಿಂದು. ಗಂಗಾವತಿ ಬಾಜೂಕ ಐತಲ್ಲ, ನನ್ನ ಮಗಳನ್ನ ಅಲ್ಲಿಗೆ ಕೊಟ್ಟೀವಿ. ಅವರ ಮನಿ ಹತ್ರ ರೈಸ್ ಮಿಲ್ ಐತಿ, ಬೂದಿ ಗುಡ್ಡಗಟ್ಲೆ ಬಿದ್ದಿರ್ತೈತಿ. ಚೀಲ ತುಂಬಿ ಕಳಿಸ್ತಾಳ,” ಎಂದಳು ದ್ಯಾಮವ್ವ.

“ನಿಮ್ಮ ಒಲಿ ಬೂದಿ ಏನಾತು?”

“ಒಲಿ ಎಲ್ಲೈತವ್ವ? ಗ್ಯಾಸ್ ಬಂದು ಎಷ್ಟು ವರ್ಷ ಆತು. ಗ್ಯಾಸ್ ಬೂದಿ ಕೊಡ್ತೈತೇನು?”

ಆಗ ಎಲ್ಲವೂ ತಿಳಿಯಾಯಿತು. ಪೌಡರ್ ಬಿಟ್ಟು ಹಳೆಯ ಪದ್ಧತಿಗೆ ಬರಬೇಕಂತೆ ಎಂದು ಸೊಸೆ ಹೇಳಿದ್ದೇ ತಡ, ಅತ್ತೆಗೆ ಹಿಗ್ಗು. ಅಂಟುವಾಳ ನಿಲಯದಲ್ಲಿ ಇರಲಿ, ಮನೆಯ ಭಾಂಡೆಗೆ ಬೂದಿಯೇ ಆಗಬೇಕು ಎಂದಳು. ಮನೆಯಲ್ಲಿ ಬೂದಿ ಹುಟ್ಟುವುದು ನಿಂತಿತ್ತು, ಹಾಗಾಗಿ ಭತ್ತ ಬೆಳೆಯುವ ಗಂಗಾವತಿಯ ಕಾಲುವೆ ಸೀಮೆಯಿಂದ ತರಿಸಿದಳು. ಅಷ್ಟಕ್ಕೇ ಮುಗಿದಿರಲಿಲ್ಲ. ಹುಲಿಗೆಮ್ಮ ಮೆಲ್ಲಗೆ ಹೇಳಿದಳು: “ಅತ್ತಿ ದಿನಾ ಸಂಜೀಕ ಕುಂದ್ರಿಸಿಕೊಂಡು ನನ್ನ ಕೈಗೆ ಅದನ್ನ ತಿಕ್ತಾರ್ರಿ. ಸೀಳು ಕೂಡ್ತಾವ ಅಂತ. ಬೂದಿ ಅಂದ್ರ ಇಭೂತಿ ಇದ್ದಂಗಲ್ರಿ, ಅದ್ಯಾರಿಗೆ ಏನ ಮಾಡ್ತೈತಿ?”

ನಾನು ಪೌಡರ್ ಕೇಳಿದ್ದೆ, ಆ್ಯಸಿಡ್ ಕೇಳಿದ್ದೆ, ಬೇರೆ ಮುಲಾಮಿನ ಬಗ್ಗೆಯೂ ಕೇಳಿದ್ದೆ. ಬೂದಿ ಈ ಮೂರರಲ್ಲಿ ಯಾವುದೂ ಅಲ್ಲ. ಹಣೆಗೆ ಹಚ್ಚುವ ಪವಿತ್ರ ವಸ್ತುವಿನ ಬಳಗದ್ದು ಅದು, ಅದರ ಮೇಲೆ ಯಾರು ಚಾಡಿ ಹೇಳುತ್ತಾರೆ?

ಹೇಳುವುದು ಕಷ್ಟವಿತ್ತು. ಆದರೂ ಮುಚ್ಚಿಡುವಂತಿರಲಿಲ್ಲ. ದ್ಯಾಮವ್ವನ ಬೆರಳಿಗೇ ಆ ಬೂದಿ ಕೊಟ್ಟು ತೀಡಿ ನೋಡು ಎಂದೆ. ಮನೆಯಿಂದ ತಂದಿದ್ದ ಲೋಟ ತೋರಿಸಿದೆ. ಮಸೂರದೊಳಗೆ ಮೊದಲು ತನ್ನ ಬೆರಳು, ಆಮೇಲೆ ಸೊಸೆಯ ಬೆರಳು ನೋಡಲು ಹೇಳಿದೆ. ನಿನ್ನ ಕಾಲದ ಬೂದಿ ಜೋಳದ ದಂಟಿನದು, ಕುಳ್ಳಿನದು, ಬಟ್ಟೆಯಲ್ಲಿ ಜರಡಿ ಹಿಡಿದದ್ದು, ಅದರ ಗುಣವೇ ಬೇರೆ ಎಂದೆ. ಅದೂ ಗಟ್ಟಿ ಕೈಗೆ ಸರಿಯೇ ಹೊರತು ಬಿರಿದ ಕೈಗೆ ಯಾವ ಬೂದಿಯೂ ಬೇಡ, ನೀರು ಬಿದ್ದರೆ ಅದು ಖಾರವಾಗಿ ಗಾಯ ಕೆಣಕುತ್ತದೆ ಎಂದೂ ವಿವರಿಸಿದೆ.

ಮುದುಕಿ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

“ಹಂಗಾರ ನಾನ ಅಳಿಸೀನಿ ಏನವ್ವ ಈಕಿ ಗೆರಿ? ಈ ಕೈಲೆ ದಿನಾ ನಾನ ತಿಕ್ಕೀನಲ್ಲ,” ಎಂದಳು. ಅವಳ ಕಣ್ಣು ತುಂಬಿದವು. ನನ್ನವೂ.

ನಾನು ಬಾಯಿ ತೆರೆಯುವ ಮೊದಲೇ ಹುಲಿಗೆಮ್ಮ, “ಅತ್ತೀ, ನಮ್ಮವ್ವ ಇದ್ದಿದ್ರೂ ಇದನ್ನ ಮಾಡ್ತಿದ್ಲು. ಅಳಬ್ಯಾಡ್ರಿ,” ಎಂದಳು. ತನ್ನ ಕೆಲಸ ಹೋಗುವ ಹೊತ್ತಿನಲ್ಲೂ ಅವಳ ಬಾಯಿಂದ ಒಂದು ಬಿರುನುಡಿ ಬರಲಿಲ್ಲ. ಅತ್ತೆ ಸೊಸೆಯರ ಜಗಳಕ್ಕೆ ಮೈ ಕೆರೆದುಕೊಂಡು ಬಂದವರನ್ನು ಎಷ್ಟೋ ಕಂಡ ನನಗೆ, ಆ ಕೋಣೆಯಲ್ಲಿ ನಾನೂ ಇದ್ದೆನಲ್ಲ ಎಂಬುದೇ ಭಾಗ್ಯವೆನಿಸಿತು.

ದ್ಯಾಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಸೊಸೆಯ ಎರಡೂ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು, “ಇವತ್ತಿನಿಂದ ಈ ಕೈ ಮುಸುರಿ ನೀರಿಗೆ ಹೋಗೂದಿಲ್ಲ. ಮನೀದು ನಾ ನೋಡ್ಕೋತೀನಿ. ಸಾಲಿ ಹುಡುಗ್ಯಾರದು ನೀವು ನೋಡ್ರಿ,” ಎಂದು ವಾರ್ಡನ್ನರಿಗೆ ಆಜ್ಞೆಯನ್ನೇ ಮಾಡಿದಳು.

ವಾರ್ಡನ್ ಆ ಸಂಜೆ ಹುಡುಗಿಯರನ್ನು ಕೂಡಿಸಿ ಇದ್ದದ್ದನ್ನು ಇದ್ದಹಾಗೆ ಹೇಳಿದರು. ಊಟವಾದ ಮೇಲೆ ತಮ್ಮ ತಾಟು, ಲೋಟ ತಾವೇ ತೊಳೆಯುವುದಾಗಿ ಹುಡುಗಿಯರು ಒಪ್ಪಿದರು. ಅಂಟುವಾಳದ ರಸ ಮಾಡುವ ಪಾಳಿಯನ್ನೂ ಅವರೇ ಹಂಚಿಕೊಂಡರು. ಆ ರಸದಲ್ಲಿ ತಲೆಯನ್ನೂ ತೊಳೆದುಕೊಂಡು ಒಂದು ದಿನ ಭಾಂಡೆಗೆ ಉಳಿಸಲಿಲ್ಲವಂತೆ, ಅದಕ್ಕೆ ಬೈಸಿಕೊಂಡರು. ದೊಡ್ಡ ಹಂಡೆ, ಕಡಾಯಿಗಳನ್ನು ಇನ್ನೊಬ್ಬ ಅಡುಗೆಯಾಕೆ ವಹಿಸಿಕೊಂಡಳು. ಅವಳ ಪಾಲಿನ ರೊಟ್ಟಿಯನ್ನೂ ಹುಲಿಗೆಮ್ಮ ಬಡಿದಳು. ಮೆಣಸಿನಕಾಯಿ ಹೆಚ್ಚುವ ಕೆಲಸವನ್ನೂ ಅವಳಿಂದ ತೆಗೆದರು. ಮಲಗುವ ಮುಂಚೆ ಮುಲಾಮು ಹಚ್ಚಿ ಹಳೆಯ ಹತ್ತಿ ಬಟ್ಟೆ ಸುತ್ತುವುದು ದ್ಯಾಮವ್ವನ ಪಾಲಿಗೆ ಬಂತು. ಬೂದಿ ತಿಕ್ಕಿದ ಶ್ರದ್ಧೆಯಲ್ಲೇ ಆಕೆ ಅದನ್ನೂ ಮಾಡಿದಳು.

ಮುಂದಿನ ಸಲ ಬಂದಾಗ ಉಂಗುರದ ಬೆರಳಿನ ಅಂಚಿನಲ್ಲಿ ಎರಡು ಮೂರು ಬಾಗಿದ ಗೆರೆ ಕಂಡವು. ಹುಲಿಗೆಮ್ಮನಿಗೂ ತೋರಿಸಿದೆ. ಅವಳು ಮಸೂರದಿಂದ ಕಣ್ಣು ತೆಗೆಯಲೇ ಒಲ್ಲಳು. ಹೊರಗೆ ಕಾಯುತ್ತಿದ್ದವರು ಬಾಗಿಲು ಬಡಿದರು.

ಉಗಾದಿಗೆ ಕೆಲವೇ ದಿನ ಉಳಿದಿದ್ದಾಗ ಒಂದು ಬೆಳಿಗ್ಗೆ ವಾರ್ಡನ್ನರ ಫೋನ್ ಬಂತು. “ಮೇಡಂ, ಈಗ ಹಚ್ಚಿಸ್ತೀವಿ. ನೀವು ಕೇಳ್ಬೇಕಂತ ಹುಲಿಗೆಮ್ಮ ಹಟ ಹಿಡದಾಳ,” ಎಂದರು. ಫೋನನ್ನು ಯಂತ್ರದ ಪಕ್ಕ ಹಿಡಿದರು. ಹುಡುಗಿಯರ ಗುಜುಗುಜು ಕೇಳುತ್ತಿತ್ತು. ಹುಲಿಗೆಮ್ಮ ಹೆಬ್ಬೆರಳು ಇಟ್ಟಳೆಂದು ವಾರ್ಡನ್ ಹೇಳಿದರು. ಯಂತ್ರ ‘ಟ್ರೈ ಅಗೇನ್’ ಎಂದಿತು. ತೋರುಬೆರಳಿಗೂ ಅದೇ ಉತ್ತರ. ಕೊಪ್ಪಳದಲ್ಲಿ ನಾನು ಕುರ್ಚಿಯ ತುದಿಗೆ ಬಂದಿದ್ದೆ.

“ಉಂಗುರದ ಬೆರಳು,” ಎಂದೆ ಫೋನಿನಲ್ಲಿ. “ಅಂಗೈ ತಿಕ್ಕಿ ಸ್ವಲ್ಪ ಬೆಚ್ಚಗ ಮಾಡಿಕೊಂಡು ಇಡು ತಂಗಿ.”

ಅಂಗೈ ತಿಕ್ಕುವ ಸಪ್ಪಳ ಕೇಳಿಸಿತು. ಆಮೇಲೆ ಯಂತ್ರ ಹೆಣ್ಣುದನಿಯಲ್ಲಿ ‘ಥ್ಯಾಂಕ್ ಯು’ ಎಂದಿತು. ಹುಡುಗಿಯರ ಕೂಗಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಆ ಗದ್ದಲದ ನಡುವೆ ದ್ಯಾಮವ್ವನ ದನಿ ಕೇಳಿಸಿತು. ಆಕೆಯೂ ಬೇವೂರಿನಿಂದ ಬಂದಿದ್ದಳು.

“ಏನಂತದು?” ಎಂದು ಕೇಳಿದಳು.

“ಉಪಕಾರ ಆತು ಅಂತಂತೈತವ್ವ,” ಎಂದರು ವಾರ್ಡನ್.

“ಆಗ್ಲಿ ಬಿಡು. ಇಷ್ಟು ದಿನ ಗುರುತ ಹಿಡಿದಿದ್ದಿಲ್ಲ, ಈಗರ ಬುದ್ಧಿ ಬಂತಲ್ಲ,” ಎಂದಳು ಮುದುಕಿ.

ಹುಲಿಗೆಮ್ಮನ ಕೆಲಸ ಉಳಿಯಿತು. ಬೇಸಿಗೆಯ ಹೊತ್ತಿಗೆ ಹೆಬ್ಬೆರಳೂ ಹತ್ತಿತು. ನಾನು ನಿವೃತ್ತಳಾದ ಮೇಲೂ ಅವಳು ಕೊಪ್ಪಳಕ್ಕೆ ಬಂದರೆ ನಮ್ಮ ಮನೆಗೆ ಬರುತ್ತಾಳೆ, ಒಳಗೆ ಬಂದವಳೇ ಕೈ ಚಾಚಿ ತೋರಿಸುತ್ತಾಳೆ.

ಆ ಕೇಸಿನ ನಂತರ ನಾನು ಕೈ ಒಡೆದು ಬಂದ ಯಾರನ್ನೂ ‘ಯಾವ ಕೆಮಿಕಲ್ ಬಳಸುತ್ತೀ’ ಎಂದಷ್ಟೇ ಕೇಳಿ ಬಿಡಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಕೈಗೆ ಏನೇನು ತಾಗುತ್ತದೆ, ಅದನ್ನು ಯಾರು ತಂದರು, ಎಲ್ಲಿಂದ ತಂದರು ಎಂದು ಕೇಳಿದೆ. ಮನೆಯದು, ಹಿರಿಯರದು, ಪ್ರಕೃತಿಯದು ಎಂದ ಮಾತ್ರಕ್ಕೆ ಮೆತ್ತಗಿರುತ್ತದೆ ಎಂದಲ್ಲ, ಅದನ್ನೂ ಬೆರಳಲ್ಲಿ ತೀಡಿ ನೋಡಿಯೇ ಹೇಳಬೇಕು. ವೃತ್ತಿ ನನಗೆ ಕಲಿಸಿದ್ದು ಇದು. ಇನ್ನೊಂದನ್ನು ಆ ನಿಲಯದವರು ಕಲಿಸಿದರು. ನಾನು ‘ಕೈಗೆ ಬಿಡುವು ಕೊಡು’ ಎಂದು ಸಾವಿರ ಜನರಿಗೆ ಚೀಟಿಯಲ್ಲಿ ಬರೆದಿದ್ದೇನೆ. ದುಡಿಯುವ ಹೆಣ್ಣಿಗೆ ಬಿಡುವು ಔಷಧದ ಅಂಗಡಿಯಲ್ಲಿ ಸಿಗುವುದಿಲ್ಲ. ಒಬ್ಬ ಅತ್ತೆ, ಒಬ್ಬ ವಾರ್ಡನ್, ಜೊತೆಯಲ್ಲಿ ದುಡಿಯುವ ಒಬ್ಬ ಹೆಂಗಸು, ಉಂಡ ತಾಟನ್ನು ತಾವೇ ತೊಳೆದಿಟ್ಟ ನೂರು ಹುಡುಗಿಯರು ಸೇರಿ ಅದನ್ನು ಹುಲಿಗೆಮ್ಮನಿಗೆ ಕೊಟ್ಟರು. ಅವರಿಗೆಲ್ಲ ನಾನು ಋಣಿ.